ವೆಸೂವಿಯಸ್ ನೋಡಲು ಹೊರಟವರಿಗೆ: ಬೆಟ್ಟ, ಬೂದಿಯಡಿಯ ಊರುಗಳು ಮತ್ತು ನೋಡುವ ಕ್ರಮ

ಇಟಲಿಯ ನೇಪಲ್ಸ್‌ವರೆಗೆ ಹೋದವರು ವೆಸೂವಿಯಸ್ ಜ್ವಾಲಾಮುಖಿ ಹತ್ತದೆ ಬರುವುದು ಕಡಿಮೆ. ಬಸ್ಸಿನಲ್ಲಿ ಹೋಗಿ, ಅರ್ಧ ಗಂಟೆ ನಡೆದು, ಕುಳಿಯ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. "ಒಂದು ದೊಡ್ಡ ಗುಂಡಿ, ಅಷ್ಟೇ" ಎಂದು ಬೇಸರ ಪಟ್ಟವರೂ ಇದ್ದಾರೆ. ಆ ಬೇಸರಕ್ಕೆ ನೋಡಿದ ಕ್ರಮವೇ ಕಾರಣ ಅನ್ನುವುದು ನನ್ನ ಅಭಿಪ್ರಾಯ. ವೆಸೂವಿಯಸ್ ಏನು ಮಾಡಿದೆ ಅನ್ನುವುದು ಅದರ ತುದಿಯಲ್ಲಿ ಕಾಣುವುದಿಲ್ಲ, ಅದರ ಬುಡದಲ್ಲಿ ಕಾಣುತ್ತದೆ. ಅದು ಹೂತುಹಾಕಿದ ಎರಡು ರೋಮನ್ ಊರುಗಳು ಹೆರ್ಕ್ಯುಲೇನಿಯಂ ಮತ್ತು ಪಾಂಪೇ. ಹಾಗಾಗಿ ಮೊದಲು ಹೆರ್ಕ್ಯುಲೇನಿಯಂ, ಆಮೇಲೆ ಬೆಟ್ಟ, ಮಾರನೆಯ ದಿನ ಪಾಂಪೇ, ಕೊನೆಗೆ ನೇಪಲ್ಸ್‌ನ ವಸ್ತುಸಂಗ್ರಹಾಲಯ. ಈ ಕ್ರಮದಲ್ಲಿ ಮೂರು ದಿನ ಇಟ್ಟುಕೊಳ್ಳಿ. ಎರಡೇ ದಿನ ಇದ್ದರೂ ಕ್ರಮ ಬದಲಿಸಬೇಡಿ.

ಹೊರಡುವ ಮುಂಚೆ ಬೆಟ್ಟದ ಪರಿಚಯ

ವೆಸೂವಿಯಸ್ ಎತ್ತರ 1281 ಮೀಟರ್. ನೇಪಲ್ಸ್‌ನಿಂದ ಪೂರ್ವಕ್ಕೆ, ಸಮುದ್ರದ ಪಕ್ಕದಲ್ಲೇ ಇದೆ. ದೂರದಿಂದ ನೋಡಿದರೆ ಎರಡು ಶಿಖರ ಕಾಣುತ್ತವೆ. ಎಡಗಡೆಯ ಮೊನಚು ಏಣು ಮಾಂಟೆ ಸೊಮ್ಮಾ, ಎತ್ತರ 1132 ಮೀಟರ್. ಅದು ಹಳೆಯ ಜ್ವಾಲಾಮುಖಿಯ ಉಳಿದ ಗೋಡೆ. ಆ ಹಳೆಯ ಬೆಟ್ಟದ ತಲೆ ಸಾವಿರಾರು ವರ್ಷಗಳ ಸ್ಫೋಟಗಳಲ್ಲಿ ಕುಸಿದು ಬಿತ್ತು. ಆ ಕುಸಿತದ ಒಳಗೆ ಬೆಳೆದದ್ದೇ ಬಲಗಡೆಯ ಶಿಖರ. ಅದನ್ನು ಗ್ರಾನ್ ಕೋನೊ ಅನ್ನುತ್ತಾರೆ. ದೊಡ್ಡ ಬೋಗುಣಿಯೊಳಗೆ ಒಂದು ಬಟ್ಟಲನ್ನು ಕವುಚಿಟ್ಟರೆ ಹೇಗೋ ಹಾಗೆ, ಹಳೆಯ ಬೆಟ್ಟದೊಳಗೆ ಹೊಸ ಬೆಟ್ಟ. ನಾವು ಹತ್ತುವುದು ಈ ಹೊಸದನ್ನು.

ಇದು ಜ್ವಾಲಾಮುಖಿ ಅನ್ನುವುದು ಒಂದು ಕಾಲದಲ್ಲಿ ಅಲ್ಲಿನ ಜನಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಇಳಿಜಾರಿನ ತುಂಬ ದ್ರಾಕ್ಷಿ ಬೆಳೆಯುತ್ತಿದ್ದರು. ಕ್ರಿ.ಪೂ. 73ರಲ್ಲಿ ದಂಗೆ ಎದ್ದ ಗುಲಾಮ ಸ್ಪಾರ್ಟಕಸ್ ಮತ್ತವನ ಸಂಗಡಿಗರು ಇದೇ ಬೆಟ್ಟದ ಮೇಲೆ ಅಡಗಿದ್ದರು. ರೋಮನ್ ಸೈನ್ಯ ದಾರಿ ಕಟ್ಟಿದಾಗ ಕಾಡು ದ್ರಾಕ್ಷಿ ಬಳ್ಳಿಗಳನ್ನೇ ಹೆಣೆದು ಏಣಿ ಮಾಡಿಕೊಂಡು ಕಡಿದಾದ ಕಡೆಯಿಂದ ಇಳಿದರಂತೆ. ಕ್ರಿ.ಶ. 62ರಲ್ಲಿ ಭಾರೀ ಭೂಕಂಪವಾಯಿತು. ಅದನ್ನು ಬೆಟ್ಟದ ಜೊತೆ ಯಾರೂ ಸೇರಿಸಿ ನೋಡಲಿಲ್ಲ. ಹದಿನೇಳು ವರ್ಷದ ಮೇಲೆ, ಕ್ರಿ.ಶ. 79ರಲ್ಲಿ, ಬೆಟ್ಟ ಸಿಡಿಯಿತು.

ಆ ದಿನದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ರೋಮನ್ ಲೇಖಕ ಕಿರಿಯ ಪ್ಲಿನಿ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರಗಳಿಂದ ಬಂದದ್ದು. ಆಗ ಅವನಿಗೆ ಹದಿನೇಳು ವರ್ಷ. ಕೊಲ್ಲಿಯ ಆಚೆ ದಡದ ಮಿಸೆನಮ್‌ನಲ್ಲಿ ನಿಂತು ನೋಡಿದ. ಮೋಡ ಪೈನ್ ಮರದ ಹಾಗೆ ಎದ್ದು ಮೇಲೆ ಕೊಂಬೆ ಹರಡಿತು ಎಂದು ಬರೆದ. ನೌಕಾಪಡೆಯ ಅಧಿಕಾರಿಯಾಗಿದ್ದ ಅವನ ಸೋದರಮಾವ ಹಿರಿಯ ಪ್ಲಿನಿ ಜನರನ್ನು ಕಾಪಾಡಲು ಹಡಗು ತೆಗೆದುಕೊಂಡು ಹೋಗಿ, ಸ್ಟೇಬಿಯೆಯ ದಡದಲ್ಲಿ ಸತ್ತ. ಈ ಎರಡು ಪತ್ರಗಳನ್ನು ವಿಮಾನದಲ್ಲೇ ಓದಿ ಮುಗಿಸಬಹುದು. ಯಾವ ಗೈಡ್ ಪುಸ್ತಕಕ್ಕಿಂತಲೂ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಆಮೇಲೂ ಬೆಟ್ಟ ಸುಮ್ಮನಿರಲಿಲ್ಲ. 1631ರಲ್ಲಿ ಸಾವಿರಾರು ಜನ ಸತ್ತರು. 1906ರಲ್ಲಿ ಮತ್ತೆ ದೊಡ್ಡದಾಗಿ ಸಿಡಿಯಿತು. ಕೊನೆಯದು 1944ರ ಮಾರ್ಚ್‌ನಲ್ಲಿ, ಎರಡನೇ ಮಹಾಯುದ್ಧದ ನಡುವೆ. ಲಾವಾ ಸಾನ್ ಸೆಬಾಸ್ಟಿಯಾನೊ ಊರಿಗೆ ನುಗ್ಗಿತು. ಹತ್ತಿರದಲ್ಲಿ ನಿಂತಿದ್ದ ಅಮೆರಿಕದ ಹತ್ತಾರು ಬಾಂಬರ್ ವಿಮಾನಗಳು ಬಿಸಿ ಬೂದಿಯಿಂದ ಹಾಳಾದವು. ಅಂದಿನಿಂದ ಇಂದಿನವರೆಗೆ ಸಿಡಿದಿಲ್ಲ.

ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು

ಏಪ್ರಿಲ್, ಮೇ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಪಾಂಪೇಯ ಕಲ್ಲು ಬೀದಿಗಳಲ್ಲಿ ನೆರಳೇ ಸಿಗುವುದಿಲ್ಲ. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರಿಗೂ ಅದು ಸುಸ್ತು ಮಾಡುತ್ತದೆ, ಯಾಕೆಂದರೆ ಅಲ್ಲಿ ನಾಲ್ಕೈದು ಗಂಟೆ ನಡೆಯಲೇಬೇಕು. ಚಳಿಗಾಲದಲ್ಲಿ ಜನ ಕಡಿಮೆ, ಆದರೆ ಮಂಜು ಕವಿದರೆ ಕುಳಿಯ ಅಂಚಿನಲ್ಲಿ ನಿಂತರೂ ಕುಳಿ ಕಾಣದು. ಗಾಳಿ ಜೋರಾದರೆ ದಾರಿಯನ್ನೇ ಮುಚ್ಚುತ್ತಾರೆ. ಅದಕ್ಕೇ ಬೆಟ್ಟಕ್ಕೆ ಮೊದಲ ದಿನವನ್ನೇ ಇಡಿ. ಮುಚ್ಚಿದ್ದರೆ ಎರಡನೆಯ, ಮೂರನೆಯ ದಿನಕ್ಕೆ ತಳ್ಳಬಹುದು.

ನಮ್ಮವರಿಗೆ ಷೆಂಗೆನ್ ವೀಸಾ ಬೇಕು. ಬೇಸಿಗೆ ರಜೆಗೆ ಹೋಗುವುದಾದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ತಿಂಗಳುಗಳ ಮುಂಚೆ ಶುರು ಮಾಡಿ. ರೋಮ್‌ಗೆ ಇಳಿದರೆ ಅಲ್ಲಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಉಳಿಯುವುದಕ್ಕೆ ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದ ಸುತ್ತಮುತ್ತ ಅನುಕೂಲ. ಮೂರೂ ಜಾಗಕ್ಕೆ ರೈಲು ಅಲ್ಲಿಂದಲೇ ಹೊರಡುತ್ತದೆ. ಸಮುದ್ರ ನೋಡಿಕೊಂಡು ಇರಬೇಕೆಂದರೆ ಸೊರೆಂಟೊ ಆಗುತ್ತದೆ, ಅದೇ ರೈಲಿನ ಇನ್ನೊಂದು ತುದಿ ಅದು.

ಟಿಕೆಟ್ ವಿಷಯ, ಗಮನವಿಟ್ಟು

ಕುಳಿಯ ದಾರಿಯ ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಬೇಕು. ದಿನ ಮತ್ತು ಸಮಯ ಮೊದಲೇ ಆರಿಸಬೇಕು. ಮೇಲೆ ಹೋಗಿ ನಗದು ಕೊಟ್ಟು ಒಳಗೆ ಹೋಗುತ್ತೇನೆ ಅಂದುಕೊಳ್ಳಬೇಡಿ. ಮೊಬೈಲ್ ಸಿಗ್ನಲ್ ಕೂಡ ಮೇಲೆ ನಂಬುವಂಥದ್ದಲ್ಲ. ಟಿಕೆಟ್ ಫೋನ್‌ನಲ್ಲಿ ಇಳಿಸಿಕೊಂಡು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಸ್ಸಿನ ಟಿಕೆಟ್ ಬೇರೆ, ಕುಳಿಯ ಟಿಕೆಟ್ ಬೇರೆ. ಬಸ್ ಕಂಪನಿಯವರು ಎರಡೂ ಸೇರಿಸಿ ಮಾರುತ್ತಿದ್ದರೆ ಕುಳಿಯ ಪ್ರವೇಶ ಅದರಲ್ಲಿ ಇದೆಯೋ ಇಲ್ಲವೋ ಕೇಳಿಯೇ ದುಡ್ಡು ಕೊಡಿ.

ಪಾಂಪೇಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಅನ್ನುವ ಮಿತಿ ಇದೆ. ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಉಚಿತ ಪ್ರವೇಶ. ದುಡ್ಡು ಉಳಿಯುತ್ತದೆ ನಿಜ, ಆದರೆ ಅಷ್ಟು ದೂರದಿಂದ ಹೋದವರು ಆ ಗದ್ದಲದಲ್ಲಿ ಸಿಕ್ಕಿಕೊಳ್ಳುವುದು ಬೇಡ ಅನ್ನುತ್ತೇನೆ. ನೇಪಲ್ಸ್‌ನ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಮೊದಲ ದಿನ ಬೆಳಗ್ಗೆ: ಹೆರ್ಕ್ಯುಲೇನಿಯಂ

ಗರಿಬಾಲ್ಡಿಯಿಂದ ಸರ್ಕಂವೆಸೂವಿಯಾನಾ ಅನ್ನುವ ಸ್ಥಳೀಯ ರೈಲಿನಲ್ಲಿ ಸೊರೆಂಟೊ ಕಡೆಗೆ ಹೊರಟರೆ ಸುಮಾರು 20 ನಿಮಿಷಕ್ಕೆ ಎರ್ಕೊಲಾನೊ ಸ್ಕಾವಿ ನಿಲ್ದಾಣ. ರೈಲಿನಲ್ಲಿ ನೂಕುನುಗ್ಗಲು ಇರುತ್ತದೆ. ಬ್ಯಾಗ್ ಬೆನ್ನಿಗೆ ಬೇಡ, ಎದೆಗೆ ಹಾಕಿಕೊಳ್ಳಿ. ನಿಲ್ದಾಣದಿಂದ ಸಮುದ್ರದ ಕಡೆಗೆ ನೇರ ಇಳಿಜಾರಿನ ರಸ್ತೆ. ಹತ್ತು ನಿಮಿಷ ನಡೆದರೆ ಗೇಟು.

ಒಳಗೆ ಹೋದ ಕೂಡಲೇ ಟಿಕೆಟ್ ತೋರಿಸಿ ಓಡಬೇಡಿ. ಮೇಲಿನ ದಾರಿಯಲ್ಲಿ ನಿಂತು ಕೆಳಗೆ ನೋಡಿ. ನೀವು ನಿಂತಿರುವ ನೆಲಕ್ಕೂ ಕೆಳಗಿನ ಹಳೆಯ ಊರಿಗೂ ನಡುವೆ ಇರುವ ಗೋಡೆ ಪೂರ್ತಿ ಜ್ವಾಲಾಮುಖಿ ತಂದು ಹಾಕಿದ್ದು. ಕೆಲವು ಕಡೆ 20 ಮೀಟರ್ ಆಳ. ಅದರ ಮೇಲೆಯೇ ಇವತ್ತಿನ ಎರ್ಕೊಲಾನೊ ಊರು ಕಟ್ಟಿಕೊಂಡಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಈಗ ತಲೆ ಎತ್ತಿ ಬೆಟ್ಟ ನೋಡಿ. ಅಲ್ಲಿಂದ ಇಲ್ಲಿಗೆ ಇಷ್ಟು ಬಂತು ಅನ್ನುವ ಅಳತೆ ಸಿಗುವುದು ಇಲ್ಲೇ. ಇದಕ್ಕಾಗಿಯೇ ಮೊದಲು ಇಲ್ಲಿಗೆ ಬನ್ನಿ ಎಂದದ್ದು.

ಇಲ್ಲಿ ಆದದ್ದು ಪಾಂಪೇಯಲ್ಲಿ ಆದದ್ದಕ್ಕಿಂತ ಬೇರೆ. ಗಾಳಿ ಆಗ್ನೇಯಕ್ಕೆ ಬೀಸುತ್ತಿತ್ತು. ಹಾಗಾಗಿ ಮೊದಲ ದಿನ ಕಲ್ಲು, ಬೂದಿ ಎಲ್ಲಾ ಪಾಂಪೇ ಮೇಲೆ ಸುರಿಯಿತು, ಪಶ್ಚಿಮದ ಹೆರ್ಕ್ಯುಲೇನಿಯಂ ಮೇಲೆ ಬಿದ್ದದ್ದು ಕಡಿಮೆ. ರಾತ್ರಿ, ಆಕಾಶಕ್ಕೆ ಎದ್ದಿದ್ದ ಬೂದಿಯ ಕಂಬ ಕುಸಿಯಿತು. ಬಿಸಿ ಅನಿಲ, ಬೂದಿ ಎಲ್ಲಾ ಸೇರಿ ಇಳಿಜಾರಿನಲ್ಲಿ ಭಾರೀ ವೇಗದಲ್ಲಿ ನುಗ್ಗಿ ಬಂತು. ಸಮುದ್ರದ ಮೂಲಕ ತಪ್ಪಿಸಿಕೊಳ್ಳಲು ದಡದಲ್ಲಿ ದೋಣಿ ಇಡುವ ಕಮಾನುಗಳಲ್ಲಿ ಕಾದಿದ್ದವರು ಅಲ್ಲೇ ಸತ್ತರು. ಸುಮಾರು 300 ಅಸ್ಥಿಪಂಜರಗಳು ಸಿಕ್ಕಿವೆ. ಆ ಕಮಾನುಗಳ ಮುಂದೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ಅವರಿಗೆ ಏನು ನೋಡಲಿದ್ದೀರಿ ಎಂದು ಹೇಳಿ. ಅಲ್ಲಿ ಸೆಲ್ಫಿ ಬೇಡ.

ಆ ಬಿಸಿಗೆ ಮರ ಸುಟ್ಟು ಬೂದಿಯಾಗಲಿಲ್ಲ, ಇದ್ದಿಲಾಗಿ ಉಳಿಯಿತು. ಮರದ ತೊಲೆ, ಬಾಗಿಲು, ಮಂಚ ಇಲ್ಲಿ ಕಾಣಸಿಗುತ್ತವೆ. ಮರದ ಅಡ್ಡತಟ್ಟಿ ಇರುವ ಮನೆ, ನೆಪ್ಚೂನ್ ಮತ್ತು ಆಂಫಿಟ್ರೈಟಿಯ ಮೊಸಾಯಿಕ್ ಇರುವ ಮನೆ ಇವೆರಡನ್ನೂ ಬಿಡಬೇಡಿ. ಎರಡು, ಎರಡೂವರೆ ಗಂಟೆ ಸಾಕು.

ಮಧ್ಯಾಹ್ನ: ಬೆಟ್ಟಕ್ಕೆ

ಎರ್ಕೊಲಾನೊ ನಿಲ್ದಾಣದ ಹೊರಗಿನಿಂದ ಬೆಟ್ಟಕ್ಕೆ ಬಸ್ ಹೋಗುತ್ತವೆ. ಪಾಂಪೇ ಕಡೆಯಿಂದಲೂ ಬಸ್ ಇದೆ, ಅದು ಸ್ವಲ್ಪ ದೂರ. ಹತ್ತುವ ಮುಂಚೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಗೇಟು ಬೇಗ ಮುಚ್ಚುತ್ತದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿ. ಮೊದಲು ದ್ರಾಕ್ಷಿ ತೋಟ, ಏಪ್ರಿಕಾಟ್ ತೋಟಗಳು. ಆಮೇಲೆ ಕಾಡು. ಸುಮಾರು 600 ಮೀಟರ್ ಎತ್ತರದಲ್ಲಿ ಕೆಂಪು ಬಣ್ಣದ ಹಳೆಯ ಕಟ್ಟಡ ಬರುತ್ತದೆ. ಅದೇ 1841ರಲ್ಲಿ ಸ್ಥಾಪನೆಯಾದ ವೆಸೂವಿಯಸ್ ವೀಕ್ಷಣಾಲಯ, ಜ್ವಾಲಾಮುಖಿಗಾಗಿಯೇ ಕಟ್ಟಿದ ಜಗತ್ತಿನ ಮೊದಲ ವೀಕ್ಷಣಾಲಯ. ಲುಯಿಜಿ ಪಾಲ್ಮಿಯೆರಿ 1856ರಲ್ಲಿ ವಿದ್ಯುತ್ಕಾಂತದಿಂದ ನಡೆಯುವ ಭೂಕಂಪಮಾಪಕ ಮಾಡಿದ್ದು ಈ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ. ಈಗ ಬೆಟ್ಟದ ಮೇಲೆ ನಿಗಾ ಇಡುವ ಕೆಲಸ ನೇಪಲ್ಸ್‌ನ ಕಚೇರಿಯಿಂದ ನಡೆಯುತ್ತದೆ.

ಬಸ್ ನಿಲ್ಲುವುದು ಸುಮಾರು 1000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮುಂದೆ ನಡಿಗೆಯೇ. ರಾಷ್ಟ್ರೀಯ ಉದ್ಯಾನದವರು ಇದಕ್ಕೆ 5ನೇ ನಂಬರಿನ ದಾರಿ ಅನ್ನುತ್ತಾರೆ. ದಾರಿ ಅಗಲವಾಗಿದೆ, ಪಕ್ಕಕ್ಕೆ ಬೇಲಿ ಇದೆ. ಆದರೆ ಕಾಲಡಿ ಪೂರ್ತಿ ಸಡಿಲ ಜಲ್ಲಿ ಮತ್ತು ಬೂದಿ. ಇಳಿಯುವಾಗಲೇ ಜನ ಜಾರುವುದು. ಹಿಡಿತ ಇರುವ ಶೂ ಬೇಕು, ಚಪ್ಪಲಿ ಬೇಡ. ಮೊದಲ ಅರ್ಧ ದಾರಿ ಕಡಿದು, ನಿಧಾನ ಹತ್ತಿ. ಸಾಮಾನ್ಯ ನಡಿಗೆಗೆ ಅರ್ಧ ಗಂಟೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಇದು ದೊಡ್ಡ ವಿಷಯವಲ್ಲ. ಮಂಡಿನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಯೋಚಿಸಿ. ಗಾಲಿಕುರ್ಚಿಗೆ, ಮಕ್ಕಳ ತಳ್ಳುಗಾಡಿಗೆ ಈ ದಾರಿ ಆಗುವುದಿಲ್ಲ. ಆಸ್ತಮಾ ಇದ್ದವರು ಇನ್‌ಹೇಲರ್ ಮರೆಯಬಾರದು, ಒಣ ದಿನಗಳಲ್ಲಿ ಧೂಳು ಏಳುತ್ತದೆ. ಒಬ್ಬರಿಗೆ ಒಂದು ಲೀಟರ್ ನೀರು, ಟೋಪಿ, ಒಂದು ತೆಳು ಜಾಕೆಟ್ ಇರಲಿ. ಕೆಳಗೆ ಬೆವರಿದರೂ ಮೇಲೆ ಗಾಳಿ ತಣ್ಣಗಿರುತ್ತದೆ.

ಕುಳಿಯ ಅಂಚಿನಲ್ಲಿ ಏನು ನೋಡಬೇಕು

ಕುಳಿ ಸುಮಾರು 450 ಮೀಟರ್ ಅಗಲ, 300 ಮೀಟರ್ ಆಳ. ಕೆಂಪು ಲಾವಾ ಕುದಿಯುತ್ತಿರುತ್ತದೆ ಅಂದುಕೊಂಡು ಹೋಗಬೇಡಿ. ಗೋಡೆಗಳನ್ನು ನೋಡಿ. ಬೂದು, ಕೆಂಪು, ಹಳದಿ ಪದರಗಳು ಒಂದರ ಮೇಲೊಂದು ಕೂತಿವೆ. ಗಟ್ಟಿ ಪದರ ಹರಿದು ತಣ್ಣಗಾದ ಲಾವಾ, ಸಡಿಲ ಪದರ ಸಿಡಿದು ಬಿದ್ದ ಬೂದಿ ಮತ್ತು ಕಲ್ಲು. ಬೆಟ್ಟ ಕೆಲವು ಸಲ ಹರಿದಿದೆ, ಕೆಲವು ಸಲ ಸಿಡಿದಿದೆ ಎಂದು ಆ ಗೋಡೆಯೇ ತೋರಿಸುತ್ತದೆ. ಅಲ್ಲಲ್ಲಿ ಕಲ್ಲಿನ ಬಿರುಕಿನಿಂದ ತೆಳುವಾಗಿ ಹಬೆ ಏಳುವುದನ್ನು ಹುಡುಕಿ. ತಂಪು ದಿನ, ಮಳೆ ಬಂದ ಮರುದಿನ ಚೆನ್ನಾಗಿ ಕಾಣುತ್ತದೆ.

ದಾರಿ ಕುಳಿಯ ಸುತ್ತ ಪೂರ್ತಿ ಹೋಗುವುದಿಲ್ಲ, ಒಂದು ಭಾಗ ಮಾತ್ರ ತೆರೆದಿದೆ. ಎಲ್ಲಿಯವರೆಗೆ ಬಿಡುತ್ತಾರೋ ಅಲ್ಲಿಯವರೆಗೂ ಹೋಗಿ. ಬಹಳ ಜನ ಮೊದಲ ಅಂಗಡಿಯ ಹತ್ತಿರವೇ ತಿರುಗಿಬಿಡುತ್ತಾರೆ. ಮುಂದೆ ಹೋದಷ್ಟೂ ಗದ್ದಲ ಕಡಿಮೆ. ಒಂದು ಕಡೆ ಕೊಲ್ಲಿ, ಕಾಪ್ರಿ ಮತ್ತು ಇಸ್ಕಿಯಾ ದ್ವೀಪಗಳು. ಆಗ್ನೇಯಕ್ಕೆ ಪಾಂಪೇಯ ಬಯಲು. ಬೆಳಗ್ಗೆ ನೋಡಿದ ಹೆರ್ಕ್ಯುಲೇನಿಯಂ ಎಷ್ಟು ಹತ್ತಿರ, ಪಾಂಪೇ ಎಷ್ಟು ದೂರ ಎಂದು ಕಣ್ಣಲ್ಲೇ ಅಳೆಯಿರಿ. ನಡುವೆ ಬೆಟ್ಟದ ಬುಡದವರೆಗೂ ಮನೆಗಳು ಒತ್ತಿಕೊಂಡಿವೆ. ಅತಿ ಅಪಾಯದ ಕೆಂಪು ವಲಯದಲ್ಲಿ 25 ಪುರಸಭೆಗಳಿವೆ, ಲಕ್ಷಾಂತರ ಜನರಿದ್ದಾರೆ. ಬೆಟ್ಟ ಎಚ್ಚರಿಕೆ ಕೊಟ್ಟರೆ 72 ಗಂಟೆಯೊಳಗೆ ಇವರನ್ನೆಲ್ಲ ಹೊರಗೆ ಸಾಗಿಸುವ ಯೋಜನೆ ಸರ್ಕಾರದ ಬಳಿ ಇದೆ.

ಬೇಲಿ ದಾಟಬೇಡಿ. ಅಂಚಿನ ಕಲ್ಲು ಸಡಿಲ. ಕಲ್ಲು ಎತ್ತಿ ಜೇಬಿಗೆ ಹಾಕಿಕೊಳ್ಳುವುದೂ ಬೇಡ, ಇದು 1995ರಿಂದ ರಾಷ್ಟ್ರೀಯ ಉದ್ಯಾನ.

ಇಳಿಜಾರಿನ ಕಾಡು ಮತ್ತು ಕಲ್ಲುಹೂವು

ನನಗೆ ವೆಸೂವಿಯಸ್‌ನಲ್ಲಿ ಕುಳಿಗಿಂತ ಇಷ್ಟವಾದದ್ದು ಇದು. 1944ರ ಲಾವಾ ದೂರದಿಂದ ಕಪ್ಪಾಗಿ ಕಾಣಬೇಕು, ಆದರೆ ಬೂದು ಬೆಳ್ಳಿ ಬಣ್ಣದಲ್ಲಿ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಕಲ್ಲಿನ ಮೇಲೆಲ್ಲ ಪುಟ್ಟ ಹವಳದಂಥ ಕಲ್ಲುಹೂವು ಹಬ್ಬಿದೆ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟ ಇದು. ಇದರ ವೈಜ್ಞಾನಿಕ ಹೆಸರಿನಲ್ಲೇ ವೆಸೂವಿಯಸ್ ಇದೆ: ಸ್ಟೀರಿಯೊಕಾಲಾನ್ ವೆಸೂವಿಯಾನಮ್. ಬರೀ ಕಲ್ಲಿನ ಮೇಲೆ ಮೊದಲು ನೆಲೆಯೂರುವುದು ಇದೇ. ಇದು ಕಲ್ಲನ್ನು ನಿಧಾನವಾಗಿ ಸವೆಸುತ್ತದೆ, ಧೂಳು ಹಿಡಿದಿಡುತ್ತದೆ. ಆಮೇಲೆ ಹುಲ್ಲು, ಆಮೇಲೆ ಜಿನೆಸ್ತ್ರಾ ಅನ್ನುವ ಹಳದಿ ಹೂವಿನ ಪೊದೆ, ಕೊನೆಗೆ ಮರ. ಮೇ, ಜೂನ್‌ನಲ್ಲಿ ಹೋದರೆ ಜಿನೆಸ್ತ್ರಾ ಹೂಬಿಟ್ಟು ಇಳಿಜಾರು ಹಳದಿಯಾಗಿರುತ್ತದೆ. ಬಂಡೆ ಮಣ್ಣಾಗುವ ಎಲ್ಲ ಹಂತಗಳನ್ನೂ ಒಂದೇ ಬೆಟ್ಟದಲ್ಲಿ ನೋಡಬಹುದು, ಯಾಕೆಂದರೆ ಇಲ್ಲಿ ಹೆಚ್ಚಿನ ಲಾವಾ ಹರಿವುಗಳ ವಯಸ್ಸು ಗೊತ್ತಿದೆ.

ಕಾಡಿನಲ್ಲಿ ಸುಟ್ಟ ಮರಗಳ ಗುರುತು ಕಂಡರೆ ಅದು ಜ್ವಾಲಾಮುಖಿಯದಲ್ಲ, 2017ರ ಜುಲೈನ ಕಾಡ್ಗಿಚ್ಚಿನದು. ಸಮಯ ಇದ್ದವರು ಇನ್ನೊಂದು ದಿನ ಸೊಮ್ಮಾ ಗೋಡೆಯ ಕಡೆಯ ನಂಬರು ಹಾಕಿದ ದಾರಿಗಳಲ್ಲಿ ನಡೆಯಬಹುದು. ಯಾವುದು ತೆರೆದಿದೆ ಎಂದು ಉದ್ಯಾನದ ಜಾಲತಾಣದಲ್ಲಿ ಹಿಂದಿನ ದಿನ ನೋಡಿ.

ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಎರೆಮಣ್ಣಿನ ಬಹುಪಾಲು ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ಹರಿದ ಲಾವಾ ಸವೆದು ಆದದ್ದು. ಅಲ್ಲಿ ಶಂಕುವಿನಾಕಾರದ ಬೆಟ್ಟ ಬೆಳೆಯಲಿಲ್ಲ. ನೆಲದ ಉದ್ದನೆಯ ಬಿರುಕುಗಳಿಂದ ತೆಳು ಲಾವಾ ಹರಿದು ಬಯಲಾಗಿ ಹಬ್ಬಿತು. ವೆಸೂವಿಯಸ್‌ನ ಲಾವಾ ಮಂದ, ಅನಿಲ ಜಾಸ್ತಿ. ಅದಕ್ಕೇ ಅಲ್ಲಿ ಸಿಡಿತ.

ಎರಡನೆಯ ದಿನ: ಪಾಂಪೇ

ಅದೇ ರೈಲಿನಲ್ಲಿ ಇನ್ನೂ ಮುಂದೆ, ನೇಪಲ್ಸ್‌ನಿಂದ 35–40 ನಿಮಿಷ. ಪಾಂಪೇ ಸ್ಕಾವಿ – ವಿಲ್ಲಾ ದೈ ಮಿಸ್ತೇರಿ ನಿಲ್ದಾಣದಲ್ಲಿ ಇಳಿಯಿರಿ, ಗೇಟು ಎದುರಿಗೇ ಇದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಇಡಬಹುದು. ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲಿ ಒಯ್ಯಿರಿ.

ಪಾಂಪೇ ಸುಮಾರು 66 ಹೆಕ್ಟೇರ್. ಮೂರರಲ್ಲಿ ಒಂದು ಭಾಗ ಇನ್ನೂ ಅಗೆದಿಲ್ಲ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಯಾವುದೂ ಕಣ್ಣಿಗೆ ಉಳಿಯುವುದಿಲ್ಲ. ಊರಿನ ಮುಖ್ಯ ಚೌಕವಾದ ಫೋರಂನಿಂದ ಶುರು ಮಾಡಿ, ಅಲ್ಲಿ ನಿಂತರೆ ಕಂಬಗಳ ಹಿಂದೆ ವೆಸೂವಿಯಸ್ ಕಾಣುತ್ತದೆ. ಆಮೇಲೆ ಸ್ನಾನಗೃಹ, ಒಂದು ಬೇಕರಿ, ಬೀದಿ ಬದಿಯ ಊಟದ ಅಂಗಡಿ, ಬಯಲು ರಂಗಮಂದಿರ, ಕೊನೆಗೆ ವಿಲ್ಲಾ ಆಫ್ ದಿ ಮಿಸ್ಟರೀಸ್‌ನ ಕೆಂಪು ಗೋಡೆಯ ಚಿತ್ರಗಳು. ಬೇಕರಿಯಲ್ಲಿ ಬೀಸುವ ಕಲ್ಲುಗಳನ್ನು ಮುಟ್ಟದೆ ಹತ್ತಿರದಿಂದ ನೋಡಿ. ಅವೂ ಲಾವಾ ಕಲ್ಲೇ.

ಇಲ್ಲಿ ಮೊದಲು ಸುರಿದದ್ದು ತೂತುತೂತಾದ ಹಗುರ ಕಲ್ಲು. ಗಂಟೆಗಟ್ಟಲೆ ಬಿದ್ದು ಎರಡೂವರೆ ಮೀಟರ್‌ಗೂ ಮೇಲೆ ಪೇರಿಕೊಂಡಿತು, ಭಾರಕ್ಕೆ ಛಾವಣಿಗಳು ಕುಸಿದವು. ಓಡಿಹೋಗಲು ಸಮಯ ಇತ್ತು, ಬಹಳ ಜನ ಹೋದರು. ಉಳಿದವರನ್ನು ಮರುದಿನ ಬೆಳಗ್ಗೆ ಬಂದ ಬಿಸಿ ಮೋಡ ಕೊಂದಿತು. ಅವರ ದೇಹ ಕರಗಿ ಬೂದಿಯಲ್ಲಿ ಉಳಿದ ಪೊಳ್ಳಿಗೆ 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಪ್ಲಾಸ್ಟರ್ ತುಂಬಿಸಿದ. ಆಗ ಸಾಯುವ ಕ್ಷಣದ ಆಕಾರಗಳು ಹೊರಬಂದವು.

ಆಗಸ್ಟ್ 24 ಅನ್ನುವ ತಾರೀಕು ಎಲ್ಲ ಹಳೆಯ ಪುಸ್ತಕಗಳಲ್ಲಿದೆ. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಅಕ್ಟೋಬರ್ 17ಕ್ಕೆ ಹೊಂದುವ ಇದ್ದಿಲ ಬರಹ ಸಿಕ್ಕಿತು. ಅಂದಿನಿಂದ ಸ್ಫೋಟ ಅಕ್ಟೋಬರ್ ಕೊನೆಯಲ್ಲಿ ಆಗಿರಬೇಕು ಅನ್ನುವ ವಾದಕ್ಕೆ ಬಲ ಬಂದಿದೆ.

ಮೂರನೆಯ ದಿನ: ವಸ್ತುಸಂಗ್ರಹಾಲಯದ ಲಕ್ಷ್ಮಿ

ಪಾಂಪೇಯ ಒಳ್ಳೊಳ್ಳೆಯ ಚಿತ್ರ, ಮೊಸಾಯಿಕ್‌ಗಳು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ನಾವು ನೋಡಲೇಬೇಕಾದ ಎರಡು ವಸ್ತು ಹೇಳುತ್ತೇನೆ. ಒಂದು, ದ್ರಾಕ್ಷಿ ಗೊಂಚಲುಗಳನ್ನೇ ಹೊದ್ದು ನಿಂತ ಮದ್ಯದ ದೇವರು ಬಾಕಸ್ ಮತ್ತು ಪಕ್ಕದಲ್ಲಿ ಹಸಿರು ಬೆಟ್ಟ ಇರುವ ಗೋಡೆಚಿತ್ರ. ಆ ಬೆಟ್ಟ ಸ್ಫೋಟಕ್ಕೆ ಮುಂಚಿನ ವೆಸೂವಿಯಸ್ ಎಂದೇ ಹೇಳುತ್ತಾರೆ.

ಇನ್ನೊಂದು ನಮ್ಮ ಕಡೆಯದು. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಆನೆದಂತದ ಸ್ತ್ರೀ ಮೂರ್ತಿ ಸಿಕ್ಕಿತು. ಸುಮಾರು 25 ಸೆಂಟಿಮೀಟರ್ ಎತ್ತರ, ಮೈತುಂಬ ಒಡವೆ, ಎರಡೂ ಬದಿಗೆ ಪುಟ್ಟ ಸೇವಕಿಯರು. ಪಾಂಪೇ ಲಕ್ಷ್ಮಿ ಎಂದೇ ಹೆಸರಾಗಿದೆ, ಯಕ್ಷಿ ಇರಬೇಕು ಅನ್ನುವವರೂ ಇದ್ದಾರೆ. ಇದೇ ಬಗೆಯ ದಂತದ ಮೂರ್ತಿಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಅಂದರೆ ಕ್ರಿ.ಶ. 79ಕ್ಕೂ ಮುಂಚೆ ನಮ್ಮ ದೇಶದ ಯಾರೋ ಕುಶಲಕರ್ಮಿಯ ಕೆಲಸ ಕಡಲು ದಾಟಿ ವೆಸೂವಿಯಸ್‌ನ ಬುಡಕ್ಕೆ ಬಂದಿತ್ತು. ಇದನ್ನು ಇಟ್ಟಿರುವುದು ಗುಪ್ತ ಸಂಗ್ರಹ ಅನ್ನುವ ವಿಭಾಗದಲ್ಲಿ. ಅಲ್ಲಿ ಉಳಿದ ವಸ್ತುಗಳು ಹೆಚ್ಚಾಗಿ ಶೃಂಗಾರದವು, ಮಕ್ಕಳ ಜೊತೆ ಹೋಗುವವರಿಗೆ ಗೊತ್ತಿರಲಿ. ಆ ವಿಭಾಗ ಅಂದು ತೆರೆದಿದೆಯೋ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ.

ಊಟ

ಸಸ್ಯಾಹಾರಿಗಳಿಗೆ ನೇಪಲ್ಸ್ ಕಷ್ಟದ ಊರಲ್ಲ. ಮರಿನಾರಾ ಪಿಜ್ಜಾ ಅಂದರೆ ಮೀನು ಇರುತ್ತದೆ ಅಂತ ಹೆದರಬೇಡಿ, ಅದರಲ್ಲಿ ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ಚೀಸ್ ಕೂಡ ಇಲ್ಲ. ಚೀಸ್ ಮಾಡುವಾಗ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುವುದುಂಟಾದ್ದರಿಂದ ಕಟ್ಟುನಿಟ್ಟಿನವರಿಗೆ ಇದೇ ಸರಿ. ಬೇಳೆಕಾಳಿನ ಪಾಸ್ತಾದಲ್ಲಿ ಹಂದಿಮಾಂಸದ ಚೂರು ಇರಬಹುದು, ಕೇಳಿಯೇ ತಿನ್ನಿ. ಬೆಟ್ಟದ ಮಣ್ಣಿನ ರುಚಿ ನೋಡಬೇಕೆಂದರೆ ಪಿಯೆನ್ನೊಲೊ ಟೊಮೇಟೊ ಕೇಳಿ. ತುದಿ ಚೂಪಾದ ಪುಟ್ಟ ಟೊಮೇಟೊಗಳನ್ನು ಗೊಂಚಲು ಕಟ್ಟಿ ನೇತುಹಾಕಿ ಚಳಿಗಾಲವಿಡೀ ಇಡುತ್ತಾರೆ. ಮಳಿಗೆ ಮುಂದೆ ನೇತಾಡುತ್ತಿರುತ್ತವೆ.

ಒಂದು ದಿನ ಉಳಿದರೆ ಪೊಝ್ಜುವೊಲಿ

ನೇಪಲ್ಸ್‌ನ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೇಯಿ ಅನ್ನುವ ಇನ್ನೊಂದು ಜ್ವಾಲಾಮುಖಿ ಇದೆ. ಬೆಟ್ಟವಿಲ್ಲ, ಅಗಲವಾದ ತಗ್ಗು. ಈಗ ವೆಸೂವಿಯಸ್‌ಗಿಂತ ಅದರ ಬಗ್ಗೆಯೇ ಹೆಚ್ಚು ಎಚ್ಚರ. 2012ರಿಂದ ಅಲ್ಲಿ ಹಳದಿ ಮಟ್ಟದ ಎಚ್ಚರಿಕೆ ಇದೆ, ಸಣ್ಣ ಭೂಕಂಪಗಳು ಆಗುತ್ತಲೇ ಇರುತ್ತವೆ. ಹೋಗುವ ಮುಂಚೆ ವೀಕ್ಷಣಾಲಯದ ಇತ್ತೀಚಿನ ವರದಿ ನೋಡಿ. ಹಬೆ ಏಳುವ ಸೊಲ್ಫತಾರಾ 2017ರ ದುರಂತದ ನಂತರ ಮುಚ್ಚಿತು. ಅದರ ಬದಲು ಪೊಝ್ಜುವೊಲಿ ಊರಿನ ನಡುವಿನ ರೋಮನ್ ಮಾರುಕಟ್ಟೆಗೆ ಹೋಗಿ. ಅಲ್ಲಿ ನಿಂತಿರುವ ಮೂರು ಅಮೃತಶಿಲೆ ಕಂಬಗಳ ಮೇಲೆ, ಆಳೆತ್ತರಕ್ಕಿಂತ ಎಷ್ಟೋ ಮೇಲೆ, ಸಮುದ್ರದ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಕೆಳಗಿನ ಶಿಲಾರಸ ಮತ್ತು ಬಿಸಿ ದ್ರವಗಳ ಒತ್ತಡ ಏರಿಳಿದಂತೆ ನೆಲ ಒಮ್ಮೆ ಕಡಲೊಳಗೆ ಇಳಿದು ಮತ್ತೆ ಮೇಲೆ ಬಂದದ್ದಕ್ಕೆ ಅದು ಗುರುತು. ನೇಪಲ್ಸ್‌ನಿಂದ ಮೆಟ್ರೊ 2ನೇ ಲೈನ್‌ನಲ್ಲಿ ಹೋಗಬಹುದು. ಬೇಲಿಯ ಹೊರಗಿನಿಂದಲೇ ಕಂಬಗಳು ಚೆನ್ನಾಗಿ ಕಾಣುತ್ತವೆ.